ಕಸ ಕೊಡದ ಮನೆಗಳ ಸಹಿ

ಅಂಗಿಯ ಹೊಟ್ಟೆಯ ಮೇಲೆ ಯಾರದೋ ಹೆಸರು ಇತ್ತು.

ಒಂದಲ್ಲ, ಏಳು. ಇಸ್ತ್ರಿ ಅತ್ತೆ ಪೆಟ್ಟಿಗೆಯನ್ನು ಗಾಳಿಯಲ್ಲೇ ನಿಲ್ಲಿಸಿದಳು. ಆ ಪೆಟ್ಟಿಗೆ ಅಂತಿಂಥದ್ದಲ್ಲ. ಅದನ್ನು ಎತ್ತಿ ತೋರಿಸುತ್ತೇವೆಂದು ಬಂದ ಇಬ್ಬರು ಪೈಲ್ವಾನರು ಸೊಂಟ ಹಿಡಿದುಕೊಂಡು ಹೋದವರು ಇನ್ನೂ ನೆಟ್ಟಗಾಗಿಲ್ಲ. ಅತ್ತೆಯೋ ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದೇ ಬಲಗೈಯಲ್ಲಿ ಕಿವಿ ಕೆರೆದುಕೊಳ್ಳುವವಳು. ಅವಳು ಹಾಕಿದ ಮಡಿಕೆಯ ಅಂಚಿನ ಮೇಲೆ ಕೂತ ಸೊಳ್ಳೆಯೊಂದು ಎರಡು ಹೋಳಾಗಿ, ಎರಡೂ ಹೋಳು ಬೇರೆ ಬೇರೆ ದಿಕ್ಕಿಗೆ ಹಾರಿಹೋದದ್ದು ಇಡೀ ಬೀದಿಗೆ ಗೊತ್ತಿರುವ ಸತ್ಯ.

ಅಂಗಿ ಕಸದ ಶೆಡ್ಡಿನವರ ಬೂದು ಸಮವಸ್ತ್ರ. ತೊಳೆದು ಒಣಗಿ, ಉಳಿದ ಸಮವಸ್ತ್ರಗಳ ಗಂಟಿನಲ್ಲಿ ಇಸ್ತ್ರಿಗೆ ಬಂದಿತ್ತು. ಒಳಮೈಯಲ್ಲಿ ಮಾತ್ರ ನೀಲಿ ಕಲೆಗಳು ಉಳಿದಿದ್ದವು. ಇರುವೆಗಳು ನಿದ್ದೆಗಣ್ಣಿನಲ್ಲಿ ನಡೆದುಹೋದಂತೆ ತಿರುಗುಮುರುಗು.

ಅತ್ತೆ ಅಂಗಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹೊರಮೈಯಿಂದ ನೋಡಿದಳು. ಇರುವೆಗಳು ಸಾಲಾಗಿ ನಿಂತವು. ಮೂಲೆಮನೆ ಬಡಗಿಯ ಸೊಟ್ಟ ಸಹಿ. ಅದರ ಕೆಳಗೆ ಅವನ ಹೆಂಡತಿಯದು. ಅದರ ಕೆಳಗೆ ಬಾಲ ಬಿಟ್ಟುಕೊಂಡು ಹಲ್ಲಿನ ಡಾಕ್ಟರಮ್ಮನದು.

ಮೊನ್ನೆ ಸಂಜೆ, ಬೀಗ ಹಾಕಿದ್ದ ಹೊಲಿಗೆ ಅಂಗಡಿಯಿಂದ ಮಾಯವಾದ ಬಟ್ಟೆಯ ಮೇಲಿದ್ದ ಸಹಿಗಳು ಇವು. ಶೆಡ್ಡು ದೊಡ್ಡದು ಮಾಡುವುದು ಬೇಡವೆಂದು ಬೀದಿ ಹಾಕಿದ ನಾನೂರ ಹನ್ನೊಂದು ಸಹಿಗಳಲ್ಲಿ ಏಳು.

ಯಾರೋ ಆ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಮೇಲೆ ಈ ಅಂಗಿ ತೊಟ್ಟು, ಬೆವರುತ್ತ ನಡೆದಿದ್ದರು.

"ಅಕ್ಕಾ," ಗೋಡೆಯಾಚೆಯ ಅಂಗಡಿಯಿಂದ ತಂಗಿಯ ಧ್ವನಿ ಬಂತು. "ಗಂಟೆ ಎಷ್ಟು?"

"ಎರಡು."

"ನಾಲ್ಕಕ್ಕೆ ಸಭೆ."

"ಗೊತ್ತು ಕಣೇ. ಗಂಟೆಗೊಂದು ಸಲ ನೆನಪಿಸಿದ್ರೆ ಗಡಿಯಾರಕ್ಕೆ ಬೇಜಾರಾಗುತ್ತೆ."

ತಂಗಿ ನಗಲಿಲ್ಲ. ಹೊಲಿಗೆ ಯಂತ್ರದ ಸದ್ದೂ ಇರಲಿಲ್ಲ. ಆ ಯಂತ್ರ ಸುಮ್ಮನಿದ್ದದ್ದನ್ನು ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಮಳೆಗಾಲದಲ್ಲಿ ಮಳೆ ನಿಂತಂತೆ ಎಲ್ಲರ ಕಿವಿಗೂ ಆ ಮೌನ ಕೇಳುತ್ತಿತ್ತು.

ಹನ್ನೆರಡು ಬಿಳಿ ಹೊದಿಕೆಗಳನ್ನು ಜೋಡಿಸಿ ಹೊಲಿದು, ಪ್ರತಿ ಮನೆಯ ನಂಬರನ್ನು ಕೆಂಪು ದಾರದಲ್ಲಿ ತೆಗೆದು, ಆ ಉದ್ದದ ಬಟ್ಟೆಯನ್ನು ಹೆಗಲ ಮೇಲೆ ಹೊತ್ತು ಮನೆಮನೆಗೆ ತಿರುಗಿ ಸಹಿ ಹಾಕಿಸಿದವಳು ಈ ತಂಗಿ. ಹೊತ್ತಿಗೆ ಸರಿಯಾಗಿ ಬಟ್ಟೆ ಸಿಕ್ಕರೆ ಬೀದಿ ಉಳಿಯುತ್ತಿತ್ತು. ಸಿಗದಿದ್ದರೆ ಬೀದಿಗಿಂತ ಮೊದಲು ಮುಗಿಯುವುದು ಅವಳ ಅಂಗಡಿ. ಬೆಳಗ್ಗೆಯಿಂದ ಹೆಂಗಸರು ಒಬ್ಬೊಬ್ಬರಾಗಿ ಬಂದು ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ವಾಪಸು ಒಯ್ಯುತ್ತಿದ್ದರು.

ಹದಿನೈದನೆಯವಳು ಈಗ ಬಂದಿದ್ದಳು.

"ಅವಸರ ಏನಿಲ್ಲ ಟೈಲರಕ್ಕಾ. ಮಗಳು ಸ್ವಲ್ಪ ದಪ್ಪ ಆಗ್ಲಿ, ಆಮೇಲೆ ಹೊಲಿಸೋಣ ಅಂತ."

"ಅಳತೆ ಮೊನ್ನೆ ತಾನೇ ತಗೊಂಡೆನಲ್ಲ."

"ಮೊನ್ನೆಯಿಂದ ದಪ್ಪ ಆಗ್ತಿದ್ದಾಳೆ."

ಅವಳ ಹಿಂದೆಯೇ ಅರ್ಜಿ ಮೇಷ್ಟ್ರ ಊರುಗೋಲಿನ ಸದ್ದು. ವಿರೋಧ ಸಮಿತಿಯ ಅಧ್ಯಕ್ಷರು. ಜನ್ಮದಲ್ಲಿ ಅವರು ಬರೆದ ಅರ್ಜಿಗಳನ್ನು ಒಂದರ ಮೇಲೊಂದು ಇಟ್ಟರೆ ಚಂದ್ರನಿಗೆ ಏಣಿಯಾಗಿ, ಇಳಿಯಲು ನಾಲ್ಕು ಹಾಳೆ ಮಿಗುತ್ತಿದ್ದವು.

"ಸಿಕ್ತೇನಮ್ಮಾ?"

"ಇಲ್ಲ ಮೇಷ್ಟ್ರೇ."

"ಮೂಲ ಬಟ್ಟೆಯೇ ಬೇಕು ಅಂತಾರೆ ಅಧಿಕಾರಿ. ಫೋಟೊ, ನಕಲು ಏನೂ ನಡೆಯೋಲ್ಲ. ಇವತ್ತು ಸಭೇಲಿ ಕೊಡದಿದ್ರೆ ನಾಳೆ ಬೆಳಗ್ಗೆ ಶೆಡ್ಡಿನ ಹಿಂದಿನ ಗೋಡೆ ಬೀಳುತ್ತೆ. ಈಗ ಹನ್ನೆರಡು ಲಾರಿ. ಆಮೇಲೆ ಅರವತ್ತು, ನಮ್ಮ ಬಾಗಿಲ ಮುಂದೆ." ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಬೀಗ ಒಡೆದಿಲ್ಲ. ಕೀಲಿಕೈ ಎರಡೇ. ಒಂದು ನಿನ್ನ ಹತ್ರ, ಇನ್ನೊಂದು ಶೆಡ್ಡಿನ ಲಾರಿ ಓಡಿಸೋ ನಿನ್ನ ಗಂಡನ ಹತ್ರ. ನಾನೇನೂ ಹೇಳ್ತಿಲ್ಲಮ್ಮ. ನಲ್ಲಿ ಹತ್ರ ಜನ ಹೇಳ್ತಿದ್ದಾರೆ."

"ನಲ್ಲಿ ಹತ್ರ ನೀವೂ ಇದ್ರಿ," ಎಂದಳು ತಂಗಿ.

ಗೋಡೆಯ ಈಚೆ ಅತ್ತೆ ಅಂಗಿಯನ್ನು ಮೇಜಿನ ಮೇಲೆ ಹರಡಿದಳು. ಬಟ್ಟೆ ಮಾತಾಡುತ್ತದೆ, ಮನುಷ್ಯರಿಗಿಂತ ಕಡಿಮೆ ಸುಳ್ಳು ಹೇಳುತ್ತದೆ. ಬಲ ಮೊಣಕೈಯ ಹತ್ತಿರ ಬೂದು ಬಣ್ಣ ಬಿಳಿಚಿತ್ತು. ಲಾರಿಯ ಕಿಟಕಿಯ ಮೇಲೆ ಕೈ ಇಟ್ಟು ಬಿಸಿಲಲ್ಲಿ ಓಡಿಸುವವನ ತೋಳು. ಶೆಡ್ಡಿನಲ್ಲಿ ಅಂಥವರು ಮೂವರು.

ಆಮೇಲೆ ಅವಳು ಕಾಲರು ತಿರುಗಿಸಿದಳು. ಸವೆದ ಕಾಲರನ್ನು ಬಿಚ್ಚಿ, ಮಗುಚಿ, ಒಳಮೈಯನ್ನು ಹೊರಗೆ ಮಾಡಿ ಮತ್ತೆ ಹೊಲಿಯಲಾಗಿತ್ತು. ಅಂಗುಲಕ್ಕೆ ಹದಿನಾರು ಹೊಲಿಗೆ, ಕೊನೆಯಲ್ಲಿ ಮೂರು ಸಲ ಹಿಂದೆಮುಂದೆ. ಲೋಕದಲ್ಲಿ ಹಾಗೆ ಮುಗಿಸುವ ಕೈ ಒಂದೇ ಇತ್ತು, ಅದಕ್ಕೆ ಸೂಜಿ ಹಿಡಿಯಲು ಕಲಿಸಿದವಳು ಅತ್ತೆಯೇ.

ಅಂಗಿ ಲಾರಿ ಭಾವನದು. ತಂಗಿಯ ಗಂಡನದು.

ಅತ್ತೆ ಅಂಗಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಹಿಂಬಾಗಿಲಿನಿಂದ ಹೊರಬಿದ್ದಳು.

*

ಬೀದಿಯ ತುದಿಯಲ್ಲಿ ಮಂಜು ಶುರುವಾಗುತ್ತಿತ್ತು.

ಅದು ದೇವರು ಕಳಿಸಿದ ಮಂಜಲ್ಲ, ಶೆಡ್ಡಿನ ಮ್ಯಾನೇಜರು ಕಳಿಸಿದ್ದು. ಗಲ್ಲಿಗಲ್ಲಿಯ ಕಸ ತಂದು ಸುರಿದು, ಒತ್ತಿ, ದೊಡ್ಡ ಲಾರಿಗಳಿಗೆ ತುಂಬಿ ದೂರಕ್ಕೆ ಸಾಗಿಸುವ ಆ ಶೆಡ್ಡಿನ ಸೂರಿನ ಸುತ್ತ ಅವನು ಕೊಳವೆ ಎಳೆಸಿ, ವಾಸನೆ ಮುಚ್ಚಲು ಹಗಲೆಲ್ಲ ಹೂವಿನ ಪರಿಮಳದ ಹನಿ ಹಾರಿಸುತ್ತಿದ್ದ. ಯಾವ ಹೂವೆಂದು ಯಾರಿಗೂ ತಿಳಿಯದು. ಆ ಹೂವು ಇನ್ನೂ ಹುಟ್ಟಿರಲಿಲ್ಲ. ಬೀದಿ ಅವನಿಗೆ ಸುಗಂಧರಾಜ ಎಂದು ಹೆಸರಿಟ್ಟಿತ್ತು.

ಆ ಮಂಜು ಬಂದ ಮೇಲೆ ಇಡೀ ಬೀದಿಗೆ ಒಂದೇ ಕನಸು ಬೀಳುತ್ತಿತ್ತು. ಎಲ್ಲರೂ ಒಂದು ತೋಟದಲ್ಲಿ ನಡೆಯುತ್ತಿರುತ್ತಾರೆ, ಹೊರಗೆ ಹೋಗುವ ದಾರಿ ಹುಡುಕುತ್ತಿರುತ್ತಾರೆ, ಎದುರಾದ ನೆಂಟರಿಗೆ ನಮಸ್ಕಾರ ಹೇಳಿ ಕೆಮ್ಮುತ್ತ ಏಳುತ್ತಾರೆ. ಮರುದಿನ ಬಡಗಿ ಡಾಕ್ಟರಮ್ಮನನ್ನು "ನಿನ್ನೆ ಯಾಕೆ ಮಾತಾಡಿಸ್ಲಿಲ್ಲ?" ಎಂದು ಕೇಳಿ ಜಗಳವಾದದ್ದೂ ಉಂಟು.

ಅತ್ತೆ ಆ ಮಂಜಿನೊಳಗೆ ನಡೆದಳು. ಗೋಡೆಗಳು ಮೆತ್ತಗಾದವು. ಹರಿದ ಕಾಗದಗಳು ಎದೆಯೆತ್ತರದಲ್ಲಿ ತೇಲುತ್ತಿದ್ದವು, ಬೀಳುವ ಆತುರವೇ ಇಲ್ಲದೆ. ಮೇಲೆ ಹದ್ದುಗಳು ರೆಕ್ಕೆ ಅಲ್ಲಾಡಿಸದೆ ತಿರುಗುತ್ತಿದ್ದವು. ಅವೂ ನಿದ್ದೆ ಹೋಗಿರಬೇಕು. ಸಿಹಿ ವಾಸನೆಯ ಅಡಿಯಲ್ಲಿ ಹಳೆಯ ವಾಸನೆ, ಹಾಸಿಗೆಯಡಿ ಬಚ್ಚಿಟ್ಟುಕೊಂಡವನಂತೆ, ಆಗಾಗ ಉಸಿರಾಡುತ್ತಿತ್ತು.

ಈ ದಾರಿಯಲ್ಲೇ ತಾನು ತಂಗಿಯ ಗಂಡನಿಗೆ ಏನೇನು ಬೈಯಬೇಕೆಂದು ಅತ್ತೆ ಜೋಡಿಸಿಕೊಂಡಳು. ಹದಿನೆಂಟು ಬೈಗುಳ, ಒಂದಕ್ಕಿಂತ ಒಂದು ಗರಿಗರಿ. ಗೇಟು ತಲುಪುವಷ್ಟರಲ್ಲಿ ಮಂಜಿಗೆ ಎಲ್ಲವೂ ನೆನೆದು ಮೆತ್ತಗಾಗಿದ್ದವು.

"ಏನತ್ತೆ, ನೀವೇ ಬಂದ್ಬಿಟ್ರಿ?" ಸುಗಂಧರಾಜ ಗೇಟಿನ ಕೋಣೆಯಿಂದ ತಲೆ ಹಾಕಿದ. ಮಂಜಿನಲ್ಲಿ ಅವನ ತಲೆ ಮಾತ್ರ ಕಾಣುತ್ತಿತ್ತು, ಕತ್ತಿಲ್ಲದ ಪೂರ್ಣಚಂದ್ರ.

"ಒಂದು ಅಂಗೀದು ಗುಂಡಿ ಬಿದ್ದಿದೆ. ತೊಟ್ಟವನ ಎದುರಿಗೇ ಹಾಕ್ಬೇಕು."

"ಗುಂಡಿಗೂ ಮನೆ ಬಾಗಿಲಿಗೆ ಸೇವೆನಾ! ಒಳ್ಳೇದು. ಸಭೆಗೆ ಬರ್ತೀರಲ್ಲ?"

"ಬಟ್ಟೆನೇ ಕಳೆದಿದೆ. ಏನು ಹೊದ್ದುಕೊಂಡು ಬರಲಿ?"

"ಸಿಗಲಿ ಅತ್ತೆ, ಸಿಗಲಿ. ನಾನೂ ಬೇಡ್ಕೋತಿದ್ದೀನಿ." ಅವನು ಮೇಜಿನ ಮೇಲಿದ್ದ ದಪ್ಪ ಪುಸ್ತಕವನ್ನು ಬೆಕ್ಕಿನ ಬೆನ್ನು ಸವರುವಂತೆ ಸವರಿದ. "ನಿಮ್ಮ ಸಹಿಗಳ ಜಾತಕ ನನ್ನ ಹತ್ರ ಇದೆ. ಯಾವ ಮನೆಯಿಂದ ಯಾವತ್ತು ಕಸ ಬಂತು, ಯಾವತ್ತು ಬರ್ಲಿಲ್ಲ, ಎರಡು ವರ್ಷದ್ದು. ಬಟ್ಟೆ ತನ್ನಿ, ಕೂಡಿಸಿ ನೋಡೋಣ."

ಅವನು ಯಾಕೆ ನಕ್ಕನೆಂದು ಅತ್ತೆಗೆ ತಿಳಿಯಲಿಲ್ಲ. ಎಲ್ಲವೂ ತನಗೆ ತಿಳಿದಿದೆ ಎಂಬ ಮುಖ ಮಾಡಿ ಒಳಗೆ ಹೋದಳು.

*

ಲಾರಿ ಭಾವನ ಲಾರಿ ಸಾಲಿನ ಕೊನೆಯಲ್ಲಿ, ಶೆಡ್ಡಿನ ಹಿಂಭಾಗದಲ್ಲಿ ನಿಂತಿತ್ತು. ಎಂಜಿನ್ ಆಗತಾನೇ ಆರಿಸಿದ್ದ. ಅವನು ಅತ್ತೆಯನ್ನು ಕಂಡ, ಅವಳ ಕಂಕುಳಿನ ಅಂಗಿಯನ್ನು ಕಂಡ. ಆಮೇಲೆ ಏನೂ ಕಾಣದವನಂತೆ ಮುಂದಿನ ಗಾಜನ್ನೇ ನೋಡತೊಡಗಿದ.

"ಹತ್ತಿ ಅತ್ತಿಗೆ."

ಅತ್ತೆ ಹತ್ತಿದಳು. ಲಾರಿ ಆ ಕಡೆಗೆ ಒಂದು ಮೊಳ ವಾಲಿತು. ಹದಿನಾರು ಟನ್ ಕಸ ಹೊತ್ತಾಗಲೂ ಅದು ಹಾಗೆ ವಾಲಿದ್ದಿಲ್ಲ.

"ಇದು ಯಾರ ಅಂಗಿ?"

"ಬೂದು ಅಂಗಿ ಮೂವತ್ತು ಜನರ ಹತ್ರ ಇದೆ."

"ಕಾಲರ್ ಮಗುಚಿ ಹೊಲಿಯೋ ಹೆಂಡ್ತಿ ಒಬ್ಬನಿಗೇ ಇದ್ದಾಳೆ."

ಅವನ ಹೆಬ್ಬೆರಳು ಸ್ಟಿಯರಿಂಗಿನ ಧೂಳು ಒರೆಸತೊಡಗಿತು.

"ಬೆಳಗ್ಗೆಯಿಂದ ಹದಿನೈದು ಜನ ಬಟ್ಟೆ ವಾಪಸ್ ತಗೊಂಡು ಹೋದ್ರು. ಅವಳು ಒಂದು ಹನಿ ಕಣ್ಣೀರು ಹಾಕಿಲ್ಲ. ಅತ್ತಿದ್ರೆ ನಾನು ಇಲ್ಲಿಗೆ ಬರ್ತಿರಲಿಲ್ಲ. ಎಲ್ಲಿಟ್ಟಿದ್ದೀಯ?"

"ಇದೆ. ಹಾಳು ಮಾಡಿಲ್ಲ."

"ಶೆಡ್ಡು ದೊಡ್ಡದಾದ್ರೆ ನಿನಗೆ ಹೊಸ ಲಾರಿ ಕೊಡ್ತಾರಾ?"

ಈಗ ಅವನು ತಿರುಗಿದ. ಮುಖ ಕೆಂಪಾಗಿತ್ತು. "ಲಾರಿಗೋಸ್ಕರ ಹೆಂಡ್ತಿ ಕತ್ತು ಕೊಯ್ಯೋನು ಅನ್ಕೊಂಡ್ರಾ ಅತ್ತಿಗೆ? ಅವಳ ಕತ್ತು ಉಳಿಸೋಕೆ ತಗೊಂಡೆ."

"ನೆಟ್ಟಗೆ ಹೇಳು."

"ಮಧ್ಯಾಹ್ನ ಈ ಲಾರಿ. ಬೆಳಗ್ಗೆ ನಮ್ಮ ಬೀದಿ ಕಸದ ಗಾಡಿ ನಂದೇ ತಾನೇ? ಒಂದು ಮನೆ ಉಸಿರಾಡ್ತಿದೆಯೋ ಇಲ್ವೋ ಕಸ ನೋಡಿ ಹೇಳ್ತೀನಿ. ಯಾರಿಗೆ ಹುಷಾರಿಲ್ಲ, ಯಾರ ಮನೆಗೆ ನೆಂಟರು ಬಂದ್ರು, ಯಾರು ಗಂಡನ ಮೇಲಿನ ಕೋಪಕ್ಕೆ ತಟ್ಟೆ ಒಡೆದ್ರು..."

"ಆ ತಟ್ಟೆ ವಿಷಯ ನನಗೂ ಗೊತ್ತು. ಮುಂದೆ ಹೇಳು."

"ಮೊನ್ನೆ ಊಟಕ್ಕೆ ಹೋದಾಗ ಬಟ್ಟೆ ಬಿಚ್ಚಿ ನೋಡಿದೆ. ಹಸಿರು ಗೇಟಿನ ಮನೆ ಗೊತ್ತಲ್ಲ? ಹದಿನಾಲ್ಕು ತಿಂಗಳಿಂದ ಒಂದು ಸಿಪ್ಪೆ ಕೊಟ್ಟಿಲ್ಲ. ಬೀಗ ಹಾಕಿ ಹೋಗಿದ್ದಾರೆ. ಆ ನಂಬರಿನ ಪಕ್ಕ ಮೂರು ಸಹಿ! ಗಡಿಯಾರ ರಿಪೇರಿಯವರ ಮನೆ ಖಾಲಿ. ಅಲ್ಲಿ ಎರಡು. ಹೀಗೆ ಎಣಿಸ್ತಾ ಹೋದೆ. ಕಸ ಕೊಡದ ಮನೆಗಳಿಂದ ಮೂವತ್ತೇಳು ಸಹಿ, ಅತ್ತಿಗೆ."

ಅತ್ತೆಗೆ ಸುಗಂಧರಾಜನ ನಗು ಈಗ ಅರ್ಥವಾಯಿತು.

"ಅವನು ಸಭೇಲಿ ಪುಸ್ತಕ ತೆಗೀತಾನೆ. ಮೂವತ್ತೇಳು ಸುಳ್ಳು ಸಹಿ ಅಂತಾನೆ. ಬಟ್ಟೆ ಹೊಲಿದೋಳು ಯಾರು? ಹೊತ್ತು ತಿರುಗಿದೋಳು ಯಾರು? ಮೊದಲನೇ ನಂಬರು ಯಾರದು? ಪೊಲೀಸರು ಮೇಷ್ಟ್ರ ಮನೆಗೆ ಹೋಗೋಲ್ಲ."

"ಅವಳಿಗೆ ಹೇಳ್ಬಹುದಿತ್ತಲ್ಲ?"

"ಶೆಡ್ಡಿನ ಅನ್ನ ತಿನ್ನೋನು ಹೆದರಿಸೋಕೆ ಬಂದ ಅಂತಾಳೆ. ಎರಡು ತಿಂಗಳಿಂದ ನಮ್ಮನೇಲಿ ಶೆಡ್ಡು ಅನ್ನೋ ಶಬ್ದಾನೇ ಇಲ್ಲ. 'ಅಲ್ಲಿಗೆ ಹೋಗ್ಬರ್ತೀನಿ' ಅಂತೀನಿ. 'ಹ್ಞೂಂ' ಅಂತಾಳೆ. ಅಷ್ಟೇ ಸಂಸಾರ."

ಅವನು ಎರಡು ಸೀಟುಗಳ ನಡುವೆ ಗೂನುಬೆನ್ನಿನಂತೆ ಉಬ್ಬಿದ್ದ ಎಂಜಿನ್ ಮುಚ್ಚಳದ ಮೇಲಿನ ಹಳೆಯ ಕಂಬಳಿ ಸರಿಸಿದ. ಅದರ ಕೆಳಗೆ, ಮುಚ್ಚಳದ ಮೇಲೆ ಅಗಲವಾಗಿ ಮಡಿಸಿ ಹರಡಿದ ಬಿಳಿ ಬಟ್ಟೆ. ಎರಡು ದಿನದಿಂದ ಅದರ ಮೇಲೆಯೇ ಊಟದ ಡಬ್ಬಿ ಇಟ್ಟು ಲಾರಿ ಓಡಿಸಿದ್ದ.

"ನೀವೇ ನೋಡಿ. ಹಸಿರು ಗೇಟು..."

ಅವನು ಮಡಿಕೆ ಬಿಚ್ಚಿದ.

ಕೆಂಪು ದಾರದ ನಂಬರು ಇತ್ತು. ಪಕ್ಕದಲ್ಲಿ ಏನೂ ಇರಲಿಲ್ಲ. ತೊಳೆದ ಆಕಾಶದಂಥ ಬಿಳುಪು.

"ಇಲ್ಲಿತ್ತು ಅತ್ತಿಗೆ! ನನ್ನಾಣೆ! ಮೂರು ಸಹಿ!"

ಗಡಿಯಾರದವರ ನಂಬರು. ಖಾಲಿ. ಮುಂದಿನ ಬೀಗದ ಮನೆ. ಖಾಲಿ. ಜೀವವಿರುವ ಮನೆಗಳ ಸಹಿಗಳು ಮಾತ್ರ ಬೆವರಿಗೆ ಅಲ್ಲಲ್ಲಿ ಕದಡಿದರೂ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಸತ್ತ ಮನೆಗಳವು ಕನಸಿನಲ್ಲಿ ಕಂಡ ಮುಖಗಳಂತೆ ಕರಗಿಹೋಗಿದ್ದವು.

ಅತ್ತೆ ಬಟ್ಟೆಯನ್ನು ಮುಟ್ಟಿದಳು. ಬೆಚ್ಚಗಿತ್ತು. ಅಂಗೈಯನ್ನು ಎಂಜಿನ್ ಮುಚ್ಚಳದ ಮೇಲಿಟ್ಟು ಫಕ್ಕನೆ ತೆಗೆದಳು.

ಟೈಲರುಗಳು ಬಟ್ಟೆಯ ಮೇಲೆ ಕತ್ತರಿಸುವ ಗೆರೆ ಎಳೆಯಲು ಒಂದು ಪೆನ್ನು ಇಟ್ಟುಕೊಳ್ಳುತ್ತಾರೆ. ನೋಡಲು ಉಳಿದ ಪೆನ್ನುಗಳಂತೆಯೇ. ಬಿಸಿ ತಾಗಿದರೆ ಅದರ ಗೆರೆ ಹೇಳಹೆಸರಿಲ್ಲದೆ ಮಾಯ. ಎಷ್ಟೋ ವರ್ಷಗಳಿಂದ ತಂಗಿ ಎಳೆಯುವುದು, ಅಕ್ಕ ಅಳಿಸುವುದು. ಈ ಬೀದಿಯಲ್ಲಿ ಆ ಪೆನ್ನು ಇದ್ದದ್ದು ಒಂದೇ ಅಂಗಡಿಯಲ್ಲಿ.

ಇನ್ನೊಂದು ಮಾತೂ ಅವಳ ತಲೆಯೊಳಗೆ ತೇಲಿ ಬಂತು. ಬಟ್ಟೆ ಸುಕ್ಕಾಗಿದೆ, ಒಂದು ಸಲ ಇಸ್ತ್ರಿ ಎಳೆದುಕೊಡುತ್ತೇನೆ ಎಂದು ಅವಳು ಕಳೆದ ವಾರ ಕೇಳಿದ್ದಳು. ಬೇಡ ಎಂದವರು ಮೇಷ್ಟ್ರು. "ಜನರ ಸಹಿ ಜನರ ಸುಕ್ಕಿನ ಜೊತೆಗೇ ಹೋಗಲಿ" ಎಂದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಅತ್ತೆಯೂ. ಅವರಿಗೆ ಬೇಡವಾಗಿದ್ದದ್ದು ಇಸ್ತ್ರಿಯ ಬಿಸಿಯೇ?

"ಒಳ್ಳೇದೇ ಆಯ್ತಲ್ಲ ಅತ್ತಿಗೆ," ಲಾರಿ ಭಾವನ ಧ್ವನಿ ಹಗುರಾಯಿತು. "ಸುಳ್ಳು ಹೋಯ್ತು, ನಿಜ ಉಳೀತು. ಈಗ ಕೊಡಬಹುದು! ಸುಗಂಧರಾಜ ಪುಸ್ತಕ ತೆಗೆದು ಏನು ಓದ್ತಾನೆ?"

ಖಾಲಿ ಜಾಗಗಳಲ್ಲಿ ಪೆನ್ನು ಒತ್ತಿದ ಗುರುತುಗಳನ್ನು ಅತ್ತೆ ಎಣಿಸುತ್ತಿದ್ದಳು. ಬೇಳೆಯಲ್ಲಿ ಕಲ್ಲು ಆರಿಸುವಂತೆ ಬೆರಳು ಬಟ್ಟೆಯ ಮೇಲೆ ಓಡಿತು. ಮೂವತ್ತೈದು. ಮೂವತ್ತಾರು. ಮೂವತ್ತೇಳು.

ಮೂವತ್ತೆಂಟು.

ಮೂವತ್ತೆಂಟನೆಯದು ಬಟ್ಟೆಯ ನೆತ್ತಿಯಲ್ಲಿತ್ತು. ಮೊಟ್ಟಮೊದಲ ನಂಬರು, ಉಳಿದವುಗಳಿಗಿಂತ ಅಂದವಾಗಿ ತೆಗೆದದ್ದು. ಅದರ ಪಕ್ಕ ತಂಗಿಯ ಸಹಿ ಇದ್ದದ್ದನ್ನು ಅತ್ತೆ ಕಣ್ಣಾರೆ ಕಂಡಿದ್ದಳು.

ಅಲ್ಲಿಯೂ ಖಾಲಿ.

ಲಾರಿ ಭಾವನೂ ನೋಡಿದ. ಅವನ ಮುಖದ ಬಣ್ಣ ಆ ಬಟ್ಟೆಯದೇ ಆಯಿತು.

*

ಮೂರೂ ಇಪ್ಪತ್ತಕ್ಕೆ ಬೀದಿ ಗೇಟಿಗೆ ಬಂತು.

ಸಭೆಯ ಹಾಲಿಗೆ ಹೋಗುವ ದಾರಿ ಅದೇ. ಮಂಜಿನಲ್ಲಿ ಸಾಲು ಕಾಣುತ್ತಿರಲಿಲ್ಲ, ಕೆಮ್ಮು ಕೇಳುತ್ತಿತ್ತು. ನೂರಾರು ಕೆಮ್ಮುಗಳ ಮೆರವಣಿಗೆ, ಮುಂದೆ ಊರುಗೋಲಿನ ಟಕ್ ಟಕ್.

"ಅತ್ತೇ! ಒಳಗಿದ್ದೀರಂತೆ! ಸಿಕ್ತಾ?" ಮೇಷ್ಟ್ರ ಧ್ವನಿ.

ಮಂಜಿನಿಂದ ಬೇರ್ಪಟ್ಟು ಒಬ್ಬಳೇ ಲಾರಿಯ ಕಡೆಗೆ ನಡೆದು ಬಂದವಳು ತಂಗಿ. ಲಾರಿಯ ಮೆಟ್ಟಿಲೇರಿ ಕಿಟಕಿ ಹಿಡಿದು ನಿಂತಳು. ಮೊದಲು ಬಟ್ಟೆ ನೋಡಿದಳು. ಆಮೇಲೆ ಗಂಡನನ್ನು. ಎರಡು ತಿಂಗಳಲ್ಲಿ ಅವಳು ಅವನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು.

"ಬೀದಿಗೆ ನಾನು ತೋರ್ಸೋದು ಹೇಗೆ ಇದನ್ನ?" ಅತ್ತೆ ತಗ್ಗಿದ ಧ್ವನಿಯಲ್ಲಿ ಕೇಳಿದಳು. "ಮೊದಲ ಜಾಗಾನೇ ಖಾಲಿ. ನೋಡಿದ ತಕ್ಷಣ, ತನ್ನ ಹೆಸರು ತಾನೇ ಅಳಿಸ್ಕೊಂಡ್ಳು ಅಂತಾರೆ. ನಿನ್ನ ಗೆರೆ ಪೆನ್ನಲ್ಲಿ ಯಾಕೆ ಹಾಕಿದ್ದೆ ಕಣೇ ಸಹಿ?"

ತಂಗಿ ಆ ಬಿಳಿ ಜಾಗವನ್ನು ಬೆರಳಿನಿಂದ ಸವರಿದಳು.

"ನಾನು ಹಾಕ್ಲೇ ಇಲ್ಲ ಅಕ್ಕಾ."

"ಏನಂದೆ?"

"ಎಲ್ಲರ ಮನೆಗೂ ಹೋದೆ. ಎಲ್ಲರ ಕೈಗೂ ಪೆನ್ನು ಕೊಟ್ಟೆ. ನನ್ನ ಸರದಿ ಬಂದಾಗ ಕೈ ಏಳ್ಲಿಲ್ಲ. ಇವರು ಬೆಳಗ್ಗೆ ಇದೇ ಅಂಗಿ ತೊಟ್ಟು ಹೊರಗೆ ಹೋಗೋದು ಕಣ್ಣಿಗೆ ಬರೋದು. ಕೊನೇಲಿ ಹಾಕೋಣ ಅಂತ ಬಿಟ್ಟೆ. ಒಂದಿನ ನೋಡಿದ್ರೆ ಸಹಿ ಇತ್ತು. ನಂದೇ ಅಕ್ಷರ, ನಂದೇ ಸುಳಿ. ನನ್ನ ಸಂಕಟ ನೋಡಲಾರದೆ ನೀನೇ ಹಾಕಿದ್ದೀಯ ಅಂತ ಸುಮ್ಮನಿದ್ದೆ." ಅವಳು ಅಕ್ಕನ ಕಣ್ಣಿಗೆ ಕಣ್ಣಿಟ್ಟಳು. "ನೀನೇ ತಾನೇ?"

ಹಡಗಿಗೆ ತುಂಬುವಷ್ಟು ಸುಳ್ಳು ಹೇಳಿ ಬಾಳಿದ ಅತ್ತೆಗೆ, ಆ ಹೊತ್ತಿಗೆ ಚಿಟಿಕೆಯಷ್ಟು ಸುಳ್ಳೂ ಸಿಗಲಿಲ್ಲ.

"ಅಲ್ಲ."

"ನಾನು," ಎಂದ ಲಾರಿ ಭಾವ.

ಇಬ್ಬರೂ ತಿರುಗಿದರು. ಅವನು ಸ್ಟಿಯರಿಂಗಿಗೆ ಹೇಳುವವನಂತೆ ಹೇಳಿದ.

"ನಿನ್ನ ಜಾಗ ಖಾಲಿ ಇರೋದು ಒಂದು ವಾರ ನೋಡಿದೆ. ನನ್ನಿಂದ ನಿಂತಿದೆ ಅಂತ ಗೊತ್ತಾಯ್ತು. ಕೇಳಿದ್ರೆ ಇಬ್ಬರಿಗೂ ಕಷ್ಟ. ನಿನ್ನ ಮೇಜಿನ ಮೇಲೆ ಪೆನ್ನಿತ್ತು. ಹಾಕ್ಬಿಟ್ಟೆ. ಅದು ಅಳಿಸಿಹೋಗೋ ಪೆನ್ನು ಅಂತ ಯಾರಿಗೆ ಗೊತ್ತಿತ್ತು?"

ತಂಗಿಯ ಕೈ ಕಿಟಕಿಯೊಳಗೆ ಬಂದು ಅವನ ಬಿಳಿಚಿದ ಮೊಣಕೈಯ ಮೇಲೆ ಕೂತಿತು. ಇಡೀ ದಿನ ಬಾರದ ಕಣ್ಣೀರು ಆಗ ಬಂತು. ಪರಿಮಳದ ಮಂಜು ಮೂವರನ್ನೂ ಸುತ್ತಿಕೊಂಡಿತು. ಒಂದು ಉಸಿರಿನಷ್ಟು ಹೊತ್ತು ಜಗತ್ತಿನಲ್ಲಿ ಕಸವೆಂಬುದೇ ಇರಲಿಲ್ಲ.

ಒಂದೇ ಉಸಿರು. ಆಮೇಲೆ ಅತ್ತೆಯ ಬುದ್ಧಿ ಎದ್ದು ಕೂತಿತು. ಹಾಳಾದ್ದು, ಎಂದೂ ನಿದ್ದೆ ಮಾಡದ ಬುದ್ಧಿ.

ಅದೇ ಪೆನ್ನು. ಅದೇ ಅಂಗಡಿ, ಎರಡನೆಯ ಕೀಲಿಕೈ. ಇನ್ನೊಬ್ಬರ ಸಹಿಯನ್ನು ಅಕ್ಕನಿಗೇ ಗುರುತು ಸಿಗದಷ್ಟು ಚೆನ್ನಾಗಿ ಹಾಕುವ ಕೈ. ಯಾವ ಯಾವ ಮನೆಯಲ್ಲಿ ಯಾರೂ ಇಲ್ಲವೆಂಬುದು ಬಾಯಿಪಾಠ ಬರುವ ಮನುಷ್ಯ ಇಡೀ ಬೀದಿಗೆ ಒಬ್ಬನೇ.

"ಮಿಕ್ಕ ಮೂವತ್ತೇಳು?" ಎಂದಳು ಅತ್ತೆ.

ತಂಗಿಯ ಅಳು ನಿಂತಿತು. ಕೈ ಮಾತ್ರ ಅವನ ಮೊಣಕೈ ಮೇಲೆಯೇ ಇತ್ತು.

"ಅತ್ತೇ!" ಗೇಟಿನಿಂದ ಮೇಷ್ಟ್ರು ಮತ್ತೆ ಕೂಗಿದರು. "ಹೊತ್ತಾಯ್ತು! ಸಿಕ್ತೋ ಇಲ್ವೋ ಹೇಳಿ!"

ಲಾರಿ ಭಾವ ಅತ್ತಿಗೆಯನ್ನು ನೋಡಲಿಲ್ಲ. ಮಂಜಿನೊಳಗಿನ ಆ ಧ್ವನಿಯ ಕಡೆಗೊಮ್ಮೆ ನೋಡಿದ, ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡ, ಹೆಂಡತಿಗೆ ಮೆಲ್ಲಗೆ ಹೇಳಿದ: "ಗಟ್ಟಿಯಾಗಿ ಹಿಡ್ಕೋ."

ಕೀಲಿ ತಿರುಗಿತು. ಲಾರಿ ನಡುಗಿ ಎದ್ದಿತು. ಅದು ಹೊರಟದ್ದು ಗೇಟಿನ ಕಡೆಗಲ್ಲ, ನಾಳೆ ಬೀಳಬೇಕಿದ್ದ ಹಿಂದಿನ ಗೋಡೆಯ ಕಡೆಗೆ.